ಕಟ್ಟು ಬಿಚ್ಚುವ ಕೆಲಸ ಯಾರದು?

ಯೌವನಸ್ಥರ ಕೂಟದ ಪಾಠ, ವಿಜಯಪುರ
ಓದಿಕೊಳ್ಳಬೇಕಾದ ವಾಕ್ಯಭಾಗಗಳು: ಯೋಹಾನ 11:38-44, ಯಾಕೋಬ 5:13-16, ಜ್ಞಾನೋಕ್ತಿ 23:29-35

ಹಿಂದ ಕೂತವರು ಸ್ವಲ್ಪ ಮುಂದ ಬರ್ರಿ, ಫ್ಯಾನಿನ ಸಪ್ಪಳದಾಗ ಕೇಳಂಗಿಲ್ಲ. ತಿಕೋಟಾ, ಬಬಲೇಶ್ವರದಿಂದ ಬಂದವರು ಬಸ್ಸಿನ ಚಿಂತೆ ಮಾಡಬೇಡ್ರಿ, ಹೊತ್ತಿಗೆ ಸರಿಯಾಗಿ ಮುಗಿಸುತ್ತೇನೆ.

ಇವತ್ತಿನ ವಿಷಯ ಕುಡಿತ. ಈ ಮಾತು ಬಂದ ಕೂಡಲೇ ಅರ್ಧ ಜನ "ಇದು ನನಗಲ್ಲ" ಅಂತ ಮನಸ್ಸಿನಲ್ಲೇ ಬಾಗಿಲು ಹಾಕಿಕೊಳ್ಳುತ್ತಾರೆ. ಇನ್ನು ಕೆಲವರು ನೆಲ ನೋಡುತ್ತಾರೆ. ನಾನು ಎರಡನ್ನೂ ಮಾಡಿದವನು. ಅದಕ್ಕೇ ಕುಡಿಯುವುದು ಸರಿಯೋ ತಪ್ಪೋ ಅನ್ನುವ ಪ್ರಸಂಗ ನಾನು ಮಾಡುವುದಿಲ್ಲ. ಎಫೆಸ 5:18 ನಿಮಗೆಲ್ಲ ಬಾಯಿಪಾಠ ಇದೆ. ಬಿಡಬೇಕು ಅಂತ ಮನಸ್ಸು ಮಾಡಿದ ಒಬ್ಬ ತಮ್ಮ, ಒಬ್ಬ ತಂಗಿ ನಾಳೆ ಎಲ್ಲಿಗೆ ಹೋಗಬೇಕು, ಯಾರ ಪಕ್ಕದಲ್ಲಿ ಕೂತುಕೊಳ್ಳಬೇಕು, ಅದನ್ನು ಕಲಿಯೋಣ.

1. ವಾಕ್ಯ ಏನು ತೋರಿಸುತ್ತದೆ

ಬೇಥಾನ್ಯದಲ್ಲಿ ಲಾಜರನು ಸತ್ತು ನಾಲ್ಕು ದಿನ ಆಗಿತ್ತು. ಮಾರ್ಥಳು ವಾಸನೆಯ ಮಾತು ಎತ್ತಿದಳು. ಕರ್ತನು ಸಮಾಧಿಯ ಮುಂದೆ ನಿಂತು ಹೆಸರು ಹಿಡಿದು ಕೂಗಿದನು, ಸತ್ತವನು ಎದ್ದು ಬಂದನು. ಇದು 43ನೇ ವಚನ. ಇಲ್ಲಿಗೆ ಬಂದಾಗ ನಾವು ಹಲ್ಲೆಲೂಯಾ ಅಂತ ಚಪ್ಪಾಳೆ ತಟ್ಟಿ ಮನೆಗೆ ಹೋಗಿಬಿಡುತ್ತೇವೆ.

44ನೇ ವಚನ ಉಳಿದಿದೆ, ನೋಡ್ರಿ. ಹೊರಗೆ ಬಂದ ಲಾಜರನ ಕೈಕಾಲಿಗೆ ಇನ್ನೂ ಬಟ್ಟೆ ಸುತ್ತಿತ್ತು, ಮುಖಕ್ಕೂ ಸುತ್ತಿತ್ತು. ಜೀವ ಬಂದಿದೆ, ಆದರೆ ನಡೆಯಲು ಆಗುತ್ತಿಲ್ಲ. ಸತ್ತವನನ್ನು ಎಬ್ಬಿಸಿದ ದೇವರಿಗೆ ಆ ಬಟ್ಟೆ ಬಿಚ್ಚುವುದು ದೊಡ್ಡ ಕೆಲಸವೇ? ಆದರೂ ಕರ್ತನು ಅದನ್ನು ತಾನು ಮಾಡಲಿಲ್ಲ. ಸುತ್ತ ನಿಂತವರಿಗೆ ಹೇಳಿದನು: ನೀವು ಬಿಚ್ಚಿರಿ, ಅವನನ್ನು ಹೋಗಲು ಬಿಡಿರಿ ಅಂತ. ಜೀವ ಕೊಡುವುದು ಕರ್ತನ ಕೆಲಸ. ಕಟ್ಟು ಬಿಚ್ಚುವುದನ್ನು ಆತನು ಮನುಷ್ಯರ ಕೈಗೆ ಕೊಟ್ಟನು. ಹೆಣದ ಬಟ್ಟೆ ಮುಟ್ಟಲು ಹೇಸದ ಕೈಗಳು ಅದಕ್ಕೆ ಬೇಕಾಗಿದ್ದವು.

2. ನನ್ನ ಸಾಕ್ಷಿ

ನಾನು ತಿಕೋಟಾ ಕಡೆಯ ಹುಡುಗ. ಮನೆಯಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು. ಓದಲು ವಿಜಯಪುರಕ್ಕೆ ಬಂದು ರೂಮ್ ಮಾಡಿದೆ. ಮೊದಲು ಗೆಳೆಯರ ಹುಟ್ಟುಹಬ್ಬಕ್ಕೆ ಬಿಯರ್. ಆಮೇಲೆ ಶನಿವಾರ ಶನಿವಾರ. ಕೆಲಸ ಸಿಕ್ಕ ಮೇಲೆ ದಿನಾ ಸಂಜೆ ಒಂದು ಕ್ವಾರ್ಟರ್. ಜ್ಞಾನೋಕ್ತಿ 23ರಲ್ಲಿ ಪೆಟ್ಟು ತಿಂದು ಬಿದ್ದವನು ಎಚ್ಚರವಾದ ಕೂಡಲೇ ಮತ್ತೆ ಅದನ್ನೇ ಹುಡುಕುತ್ತಾನಲ್ಲ, ಆ ಕೊನೆಯ ಮಾತು ನನ್ನದೇ.

ಒಂದು ಉಪವಾಸ ಪ್ರಾರ್ಥನೆಯಲ್ಲಿ ಅಳುತ್ತಾ ಮುಂದೆ ಬಂದೆ. ಪಾಸ್ಟರ್ ಅಯ್ಯನವರು ತಲೆಯ ಮೇಲೆ ಕೈಯಿಟ್ಟರು. ಏಳು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಆ ಬಿಡುಗಡೆ ಸುಳ್ಳಾಗಿರಲಿಲ್ಲ, ಇವತ್ತಿಗೂ ಹಾಗೆ ಹೇಳುವುದಿಲ್ಲ. ನನ್ನನ್ನು ವೇದಿಕೆಗೆ ಕರೆದರು, ಸಾಕ್ಷಿ ಹೇಳಿದೆ. ಬೇರೆ ಸಭೆಗಳಿಗೂ ಕರೆದರು, ಹೇಳಿದೆ.

ಏಳನೇ ತಿಂಗಳು ಬಬಲೇಶ್ವರದಲ್ಲಿ ಕಾಕಾನ ಮಗನ ಮದುವೆ. ರಾತ್ರಿ ಮಂಟಪದ ಹಿಂದೆ ಹುಡುಗರು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕೂತಿದ್ದರು. "ಒಂದ ಪೆಗ್ಗಿಗೆ ಏನ ಆಗತೈತಿ ಬಾರಲೇ" ಅಂದರು. ಒಂದೇ ಅಂತ ಕೂತೆ. ಬೆಳಿಗ್ಗೆ ಎಬ್ಬಿಸಿದಾಗ ಚಪ್ಪಲಿ ಎಲ್ಲಿದೆ ಗೊತ್ತಿರಲಿಲ್ಲ.

ಬಿದ್ದದ್ದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಬಿದ್ದೆ ಅಂತ ಯಾರಿಗೂ ಹೇಳಲು ಆಗಲಿಲ್ಲ. "ಬಿಡುಗಡೆ ಆದವನು" ಅನ್ನುವುದೇ ನನ್ನ ಹೆಸರಾಗಿತ್ತು. ಸಾಕ್ಷಿ ಕೊಟ್ಟವನು ಪ್ರಾರ್ಥನೆಗೆ ಮತ್ತೆ ಹೇಗೆ ಮುಂದೆ ಹೋಗುವುದು? ಹನ್ನೊಂದು ತಿಂಗಳು ಭಾನುವಾರ ಕೀಬೋರ್ಡ್ ನುಡಿಸಿದೆ, ಉಳಿದ ಆರು ರಾತ್ರಿ ಕುಡಿದೆ. ಬಾಯಲ್ಲಿ ಯಾವಾಗಲೂ ಏಲಕ್ಕಿ.

ಒಂದು ಭಾನುವಾರ ಕರ್ತನ ಭೋಜನ. ದ್ರಾಕ್ಷಾರಸದ ಸಣ್ಣ ಕಪ್ಪು ನನ್ನ ಕೈಗೆ ಬಂತು. ಹಿಂದಿನ ರಾತ್ರಿ ಕುಡಿದಿರಲಿಲ್ಲ, ಭೋಜನ ಇದೆ ಅಂತ. ಕೈ ಗಡಗಡ ನಡುಗಿ ರಸ ಅಂಗಿಯ ಮೇಲೆ ಚೆಲ್ಲಿತು. ಪಕ್ಕದ ಅಕ್ಕ "ಸ್ತೋತ್ರ, ಆತ್ಮ ಮುಟ್ಯಾನ" ಅಂದಳು. ಸಭೆ ಚಪ್ಪಾಳೆ ತಟ್ಟಿತು. ಅದು ಆತ್ಮನ ಸ್ಪರ್ಶ ಅಲ್ಲ, ದೇಹ ಸಾರಾಯಿ ಕೇಳುತ್ತಿತ್ತು ಅಂತ ನನಗೊಬ್ಬನಿಗೆ ಗೊತ್ತಿತ್ತು. ಅವತ್ತಿನಷ್ಟು ಒಂಟಿ ನಾನು ಯಾವತ್ತೂ ಆಗಿರಲಿಲ್ಲ.

ಅಂದು ರಾತ್ರಿ ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನನಗ ಗೊತ್ತಿತ್ತಪಾ. ನೀನಾಗೇ ಹೇಳಲಿ ಅಂತ ಕಾದಿದ್ದೆ" ಅಂದಳು. ಮರುದಿನ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಐದು ದಿನ ದಾಖಲಾದೆ. ಹೊರಡುವಾಗ ಆಪ್ತಸಮಾಲೋಚಕಿ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು: ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ. ಆ ಚೀಟಿಯನ್ನು ಬೈಬಲ್‌ನೊಳಗೆ ಇಟ್ಟು ಮೂರು ವಾರ ತಿರುಗಾಡಿದೆ. ಯೇಸು ಇರುವಾಗ ಇದೆಲ್ಲ ಯಾಕೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕಂದ್ರ ಅದು ವಿಶ್ವಾಸ ಆಗಿರಲಿಲ್ಲ, ನಾಚಿಕೆ.

ಒಂದು ಶುಕ್ರವಾರ ಸಂಜೆ ಬಾರಿನ ಎದುರು ಗಾಡಿ ನಿಲ್ಲಿಸಿ ಫೋನ್ ಹಚ್ಚಿದೆ. ಆ ಕಡೆಯ ಮನುಷ್ಯ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. "ಇವತ್ತ ಕುಡದೀರೇನ್ರಿ?" ಅಂದ. ಇಲ್ಲ ಅಂದೆ. "ಭಾಳ ಛಲೋ ಆತು. ಅಲ್ಲೇ ಇರ್ರಿ, ನಾ ಬರತೇನಿ" ಅಂದ. ಬಂದ. ನನ್ನ ಗಾಡಿಯ ಮುಂದೆ ತನ್ನ ಗಾಡಿ ಹೊಡೆದುಕೊಂಡು ಮೀಟಿಂಗ್‌ವರೆಗೂ ಕರೆದುಕೊಂಡು ಹೋದ.

ಒಂದು ಕೋಣೆ, ಹಳೆಯ ಬೆಂಚುಗಳು, ಸ್ಟೀಲ್ ಲೋಟದಲ್ಲಿ ಚಹಾ. ಯಾವ ಸಭೆ, ಯಾವ ಜಾತಿ, ಯಾರ ಮಗ ಅಂತ ಯಾರೂ ಕೇಳಲಿಲ್ಲ. ಅಲ್ಲಿ ಬೇರೆಯವರು ಹೇಳಿದ್ದನ್ನು ನಾನು ಇಲ್ಲಿ ಹೇಳುವುದಿಲ್ಲ, ಅದು ಆ ಕೋಣೆಯ ಕಟ್ಟಳೆ. ನನಗಾದದ್ದನ್ನು ಮಾತ್ರ ಹೇಳುತ್ತೇನೆ. ನನ್ನ ಸರದಿ ಬಂದಾಗ ಹೆಸರು ಹೇಳಿದೆ. ಆಮೇಲೆ "ನಾನು ಕುಡುಕ" ಅಂದೆ. ಯಾರೂ ಗಾಬರಿಯಾಗಲಿಲ್ಲ. ಒಬ್ಬ ಕಾಕಾ ಚಹಾದ ಲೋಟ ನನ್ನ ಕಡೆ ಸರಿಸಿ, "ಮುಂದಿನ ವಾರ ಬರ್ರಿ" ಅಂದರು. ಅಷ್ಟೇ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಸುಳ್ಳು ಹೇಳದೆ ಕೂತಿದ್ದೆ.

ಎರಡು ತಿಂಗಳ ಮೇಲೆ ಮತ್ತೊಮ್ಮೆ ಜಾರಿದೆ. ಈ ಸಲ ಅದೇ ರಾತ್ರಿ ಫೋನ್ ಮಾಡಿದೆ. ಅಲ್ಲಿಂದ ಇಲ್ಲಿಯವರೆಗೆ, ಕರ್ತನ ಕೃಪೆಯಿಂದ, ನಾಲ್ಕು ವರ್ಷ ಏಳು ತಿಂಗಳು.

3. ಆ ಕೋಣೆ ಎಲ್ಲಿಂದ ಬಂತು

1935ರ ಮೇ ತಿಂಗಳು, ಅಮೆರಿಕದ ಅಕ್ರಾನ್ ಪಟ್ಟಣ. ಬಿಲ್ ವಿಲ್ಸನ್ ಅನ್ನುವ ಷೇರು ವ್ಯವಹಾರದ ಮನುಷ್ಯ ಅಲ್ಲಿಗೆ ಕೆಲಸಕ್ಕೆ ಬಂದಿದ್ದ. ಆ ವ್ಯವಹಾರ ಮುರಿದುಬಿತ್ತು. ಕುಡಿತ ಬಿಟ್ಟು ಇನ್ನೂ ಆರು ತಿಂಗಳಾಗಿರಲಿಲ್ಲ. ಹೋಟೆಲ್ ಲಾಬಿಯಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅವನು ಟೆಲಿಫೋನಿನ ಕಡೆ ಹೋಗಿ ಊರಿನ ಒಬ್ಬ ಸಭಾಪಾಲಕರಿಗೆ ಕರೆ ಮಾಡಿದ. ಮಾತನಾಡಲು ತನ್ನಂಥ ಇನ್ನೊಬ್ಬ ಕುಡುಕ ಬೇಕು ಅಂತ ಕೇಳಿದ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಕೈ ನಡುಗುವ ಶಸ್ತ್ರಚಿಕಿತ್ಸಕ. ಹದಿನೈದು ನಿಮಿಷ ಅಂತ ಬಂದವರು ರಾತ್ರಿಯವರೆಗೂ ಕೂತರು. ಆ ಭೇಟಿಯ ನಂತರವೂ ಡಾಕ್ಟರ್ ಬಾಬ್ ಒಮ್ಮೆ ಬಿದ್ದರು. ಅವರು ಕೊನೆಯದಾಗಿ ಕುಡಿದ ದಿನ 1935ರ ಜೂನ್ 10. ಆ ದಿನವನ್ನೇ ಎ.ಎ. ತನ್ನ ಹುಟ್ಟಿದ ದಿನ ಅಂತ ಎಣಿಸುತ್ತದೆ. ಭಾರತದಲ್ಲಿ ಅದು 1957ರಲ್ಲಿ ಮುಂಬಯಿಯಲ್ಲಿ ಶುರುವಾಯಿತು.

ನಮ್ಮ ನಾಡಿನಲ್ಲೂ ಈ ನೋವು ಕಂಡವರು ಇದ್ದಾರೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ದುಡ್ಡು ಬೇಡ, ನಿಮ್ಮ ಚಟ ಭಿಕ್ಷೆ ಹಾಕಿ ಅಂತ ಕೇಳಿದವರು. 1997ರವರೆಗೆ ಇಳಕಲ್ ನಮ್ಮ ಜಿಲ್ಲೆಯಲ್ಲೇ ಇತ್ತು. ಅವರು ಹುಟ್ಟಿದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಧರ್ಮಸ್ಥಳದವರು ಮದ್ಯವರ್ಜನ ಶಿಬಿರ ಮಾಡಿ, ಬಿಟ್ಟವರು ಮತ್ತೆ ಬೀಳದಂತೆ ನವಜೀವನ ಸಮಿತಿಗಳಲ್ಲಿ ಕೂಡಿಸುತ್ತಾರೆ. ಅವರ ನಂಬಿಕೆ ಬೇರೆ, ನಮ್ಮದು ಬೇರೆ. ಆದರೆ ದಾರಿಯಲ್ಲಿ ಬಿದ್ದವನನ್ನು ಸಮಾರ್ಯದವನು ಎತ್ತಿದ ಅಂತ ಲೂಕ 10ರಲ್ಲಿ ಓದುವ ನಾವು, ಆಚೆ ಬದಿಯಿಂದ ಹಾದುಹೋದ ಯಾಜಕನಂತೆ ಇರಬಾರದು.

ಸರಕಾರ 2007ರ ಜುಲೈನಲ್ಲಿ ಸಾರಾಯಿ ನಿಲ್ಲಿಸಿತು. ಸಾರಾಯಿ ಅಂಗಡಿ ಮುಚ್ಚಿತು, ಬಾಯಾರಿಕೆ ಮುಚ್ಚಲಿಲ್ಲ, ಬೇರೆ ಬಾಟಲಿಗೆ ಹೋಯಿತು. ಕೇಂದ್ರ ಸರಕಾರಕ್ಕಾಗಿ ಏಮ್ಸ್ ಸಂಸ್ಥೆ ಮಾಡಿ 2019ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳುವಂತೆ, ಕುಡಿತಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಎಲ್ಲಿದ್ದಾರೆ? ಕೆಲವರು ನಮ್ಮ ಬೆಂಚಿನ ಮೇಲೆ ಇದ್ದಾರೆ.

4. ವಿಶ್ವಾಸಿಗೆ ಬರುವ ಮೂರು ಪ್ರಶ್ನೆಗಳು

ಮೊದಲನೆಯದು: ಅಲ್ಲಿ ಯೇಸುವಿನ ಹೆಸರು ಹೇಳುವುದಿಲ್ಲವಲ್ಲ? ಹೌದು. ಎ.ಎ. ಯಾವ ಧರ್ಮಕ್ಕೂ ಸೇರಿಲ್ಲ. ಪ್ರತಿಯೊಬ್ಬರೂ ತಾವು ಅರಿತಂತೆ ದೇವರನ್ನು ಕರೆಯುತ್ತಾರೆ. ಇದು ನನಗೂ ಚುಚ್ಚಿತು. ಪಾಸ್ಟರ್ ಅಯ್ಯನವರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ಆ ಹನ್ನೊಂದು ತಿಂಗಳನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಯೋಹಾನ 11 ತೆಗೆದರು. "ನಿನ್ನನ್ನ ಕರೆದವನು ಯಾರು ಅಂತ ನಿನಗ ಗೊತ್ತೈತಿ. ಬಟ್ಟೆ ಬಿಚ್ಚುವವರ ಕೈ ಹಿಡಿದು ಯಾಕ ತಡೀತಿ?" ಅಂದರು. ಎಲ್ಲರಿಗೂ ತೆರೆದ ಒಂದು ಮೀಟಿಂಗಿಗೆ ನನ್ನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಅಲ್ಲಿ ದೇವರು ಅಂದಾಗ ಕರ್ತನಾದ ಯೇಸುವನ್ನೇ ಅನ್ನುತ್ತೇನೆ. ಯಾರೂ ತಡೆಯುವುದಿಲ್ಲ. ಆದರೆ ಅಲ್ಲಿ ಪ್ರಸಂಗ ಮಾಡುವುದಿಲ್ಲ. ಮುಳುಗುವವನು ಹಗ್ಗ ಹಿಡಿಯುವ ಹೊತ್ತಿನಲ್ಲಿ ವಾದ ಮಾಡಬಾರದು.

ಇನ್ನೊಂದು ಗೊತ್ತಿರಲಿ. ಇದರ ಬೇರು ದೇವರ ವಾಕ್ಯದ ನೆಲದಲ್ಲೇ ಇದೆ. ಬಿಲ್, ಬಾಬ್ ಇಬ್ಬರೂ ಲುಥೆರನ್ ಬೋಧಕರಾದ ಫ್ರಾಂಕ್ ಬುಕ್‌ಮನ್ ಶುರುಮಾಡಿದ ಆಕ್ಸ್‌ಫರ್ಡ್ ಗ್ರೂಪ್ ಅನ್ನುವ ಕ್ರೈಸ್ತ ಕೂಟಕ್ಕೆ ಹೋಗುತ್ತಿದ್ದವರು. ಮೊದಲ ದಿನಗಳಲ್ಲಿ ತಮಗೆ ಬಹಳ ಬೇಕಾಗಿದ್ದ ಭಾಗಗಳು ಪರ್ವತ ಪ್ರಸಂಗ, 1 ಕೊರಿಂಥ 13 ಮತ್ತು ಯಾಕೋಬನ ಪತ್ರಿಕೆ ಅಂತ ಡಾಕ್ಟರ್ ಬಾಬ್ ಮುಂದೆ ಹೇಳಿದರು. ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದು, ತನ್ನ ತಪ್ಪುಗಳನ್ನು ದೇವರ ಮುಂದೆಯೂ ಇನ್ನೊಬ್ಬ ಮನುಷ್ಯನ ಮುಂದೆಯೂ ಒಪ್ಪಿಕೊಳ್ಳುವುದು. ಯಾಕೋಬ 5:16 ತೆಗೆದು ಪಕ್ಕದಲ್ಲಿ ಇಟ್ಟು ನೋಡ್ರಿ.

ಎರಡನೆಯದು: ಡಾಕ್ಟರ ಹತ್ತಿರ ಹೋಗುವುದು ಅವಿಶ್ವಾಸವೇ? ಇದನ್ನು ಲಕ್ಷ್ಯಗೊಟ್ಟು ಕೇಳ್ರಿ, ಪ್ರಾಣದ ಮಾತು. ದಿನಾ ಬಹಳ ಕುಡಿಯುವವನು, ಬೆಳಿಗ್ಗೆ ಕೈ ನಡುಗುವವನು, ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಬುದ್ಧಿ ಕಲಕಿ, ಇಲ್ಲದ್ದು ಕಂಡು, ಮೈ ಬೆವತು ಸಾವಿನವರೆಗೂ ಹೋಗಬಹುದು. ಅದನ್ನು ದೆವ್ವ ಹಿಡಿದಿದೆ ಅಂತ ತಿಳಿದು ಕೋಣೆಯಲ್ಲಿ ಕೂಡಿಹಾಕಿ ಪ್ರಾರ್ಥನೆ ಮಾತ್ರ ಮಾಡಬೇಡ್ರಿ. ಪ್ರಾರ್ಥನೆ ಮಾಡುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗ್ರಿ. ಸಮಾರ್ಯದವನು ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿ, ಛತ್ರದಲ್ಲಿ ದುಡ್ಡು ಕೊಟ್ಟು ಆರೈಕೆ ಮಾಡಿಸಿದನು.

ಮೂರನೆಯದು: ಇದರಿಂದ ನಿಜವಾಗಿ ಉಪಯೋಗ ಇದೆಯೇ? 2020ರಲ್ಲಿ ಕಾಕ್ರೇನ್ ಅನ್ನುವ ವೈದ್ಯಕೀಯ ಪರಿಶೀಲನೆ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು, ಹತ್ತು ಸಾವಿರಕ್ಕೂ ಹೆಚ್ಚು ಜನ. ಪೂರ್ತಿ ಬಿಟ್ಟೇ ಇರುವ ವಿಷಯದಲ್ಲಿ ಎ.ಎ. ಮತ್ತು ಅದಕ್ಕೆ ಜೋಡಿಸುವ ಚಿಕಿತ್ಸೆ ಉಳಿದ ಚಿಕಿತ್ಸೆಗಳಷ್ಟೇ ಅಥವಾ ಅವುಗಳಿಗಿಂತ ಚೆನ್ನಾಗಿ ಕೆಲಸ ಮಾಡಿದೆ ಅಂತ ಕಂಡಿತು.

5. ಹುಡುಕುವುದು ಹೇಗೆ, ಹೋಗುವುದು ಹೇಗೆ

ಪೆನ್ನು ತೆಗೀರಿ, ಬರೆದುಕೊಳ್ಳಿರಿ. ನಿಮಗೆ ಬೇಡವಾದರೂ ಬರೆದುಕೊಳ್ಳಿರಿ, ಯಾರಿಗೋ ಬೇಕಾಗುತ್ತದೆ.

ಒಂದು, ಮೊದಲು ಡಾಕ್ಟರು. ಜಿಲ್ಲಾ ಆಸ್ಪತ್ರೆಯಲ್ಲಿ, ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳ್ರಿ. ದೊಡ್ಡ ತೊಂದರೆ ಇದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಹೊರಡುವಾಗ "ಇಲ್ಲಿ ಎ.ಎ. ಮೀಟಿಂಗ್ ಎಲ್ಲಿ ನಡೀತದ್ರಿ?" ಅಂತ ಕೇಳುವುದು ಮರೆಯಬೇಡ್ರಿ.

ಎರಡು, ಫೋನು. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ. ಎ.ಎ. ಇಂಡಿಯಾದ ಜಾಲತಾಣದಲ್ಲೂ ಹುಡುಕಬಹುದು. ಯಾವ ದಿನ, ಎಷ್ಟು ಗಂಟೆಗೆ, ಯಾವ ಭಾಷೆ, ತೆರೆದ ಮೀಟಿಂಗೋ ಕುಡಿಯುವವರಿಗೆ ಮಾತ್ರವೋ, ಇಷ್ಟು ಕೇಳಿಕೊಳ್ಳಿರಿ. ತೆರೆದ ಮೀಟಿಂಗಿಗೆ ಮನೆಯವರೂ ಬರಬಹುದು. ದಿನ ಹೊಂದದಿದ್ದರೆ ಸೊಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ ಕಡೆಯೂ ವಿಚಾರಿಸಿರಿ. ಮೊಬೈಲಿನಲ್ಲಿ ಆನ್‌ಲೈನ್ ಮೀಟಿಂಗ್ ಕೂಡ ಇವೆ.

ಮೂರು, ಮೊದಲ ದಿನ. ಹತ್ತು ನಿಮಿಷ ಮುಂಚೆ ಹೋಗ್ರಿ. ತಡವಾದರೆ ಬಾಗಿಲಲ್ಲಿ ನಿಂತು ವಾಪಸ್ ಬರುವ ಮನಸ್ಸಾಗುತ್ತದೆ, ನನಗೆ ಗೊತ್ತು. ಶುಲ್ಕ ಇಲ್ಲ, ಫಾರ್ಮ್ ಇಲ್ಲ. ಕುಡಿತ ಬಿಡುವ ಆಸೆಯೊಂದೇ ಸಾಕು. ಮನಸ್ಸಿಲ್ಲದಿದ್ದರೆ ಮಾತಾಡಬೇಡ್ರಿ, ಸುಮ್ಮನೆ ಕೇಳ್ರಿ. ಒಂದೇ ಸಲ ಹೋಗಿ "ಇದು ನನಗ ಸರಿ ಹೊಂದಂಗಿಲ್ಲ" ಅನ್ನಬೇಡ್ರಿ, ಐದಾರು ಸಲ ಹೋಗಿ ನೋಡ್ರಿ. ಮುಂದೆ, ಹಳೆಯ ಸದಸ್ಯರಲ್ಲಿ ಒಬ್ಬರನ್ನು ಜೊತೆಗಾರನಾಗಿ ಕೇಳಿಕೊಳ್ಳಿರಿ, ಅವರು ಸ್ಪಾನ್ಸರ್ ಅನ್ನುತ್ತಾರೆ. ತಮ್ಮಂದಿರು ಗಂಡಸರನ್ನೇ, ತಂಗಿಯರು ಹೆಂಗಸರನ್ನೇ ಕೇಳ್ರಿ.

ನಾಲ್ಕು, ದಾರಿ. ತಿಕೋಟಾ, ಬಬಲೇಶ್ವರದವರಿಗೆ ಮೀಟಿಂಗ್‌ಗಿಂತ ವಾಪಸ್ ಹೋಗುವ ದಾರಿ ಕಷ್ಟ. ಬಸ್‌ಸ್ಟ್ಯಾಂಡಿನ ಸುತ್ತ ಏನೇನು ಇದೆ ನಿಮಗೆ ಗೊತ್ತು. ಒಬ್ಬರನ್ನು ಜೊತೆ ಮಾಡಿಕೊಳ್ಳಿರಿ. ಬಸ್ ತಪ್ಪಿದರೆ ಮಲಗಲು ನಗರದಲ್ಲಿ ಒಂದು ಮನೆ ಮೊದಲೇ ಹೇಳಿಟ್ಟಿರ್ರಿ. ನಿಮ್ಮ ಊರಲ್ಲೇ ಇನ್ನಿಬ್ಬರು ಸಿಕ್ಕರೆ ಅದೇ ಒಂದು ಗುಂಪು. ಕುಡಿತ ಬಿಡಲು ಇಬ್ಬರು ಮೂವರು ಕೂಡಿದರೂ ಗುಂಪಾಗಬಹುದು ಅನ್ನುವುದು ಎ.ಎ. ಕಟ್ಟಳೆ. ಇಬ್ಬರು ಮೂವರ ಮಾತು ಮತ್ತಾಯ 18ರಲ್ಲಿ ನಾವೂ ಓದಿದ್ದೇವೆ.

ಐದು, ಮನೆಯವರು. ಅವ್ವ, ಅಕ್ಕ, ಹೆಂಡತಿ, ಅವರಿಗೂ ಗಾಯ ಇದೆ. ಅವರಿಗಾಗಿ 1951ರಲ್ಲಿ ಶುರುವಾದ ಅಲ್-ಅನಾನ್ ಅನ್ನುವ ಬೇರೆ ಕೂಟ ಇದೆ. ಗೋಡೆಯ ಮೇಲಿನ ಜಾಹೀರಾತು ನೋಡಿ ಯಾವುದೋ ಪುಡಿ ತಂದು ಗೊತ್ತಾಗದಂತೆ ಸಾರಿನಲ್ಲಿ ಹಾಕಬೇಡ್ರಿ. ಕೆಲವು ಔಷಧಿಯ ಮೇಲೆ ಕುಡಿದರೆ ಜೀವಕ್ಕೇ ಅಪಾಯ.

6. ಸಭೆಯಾಗಿ ನಮ್ಮ ಕೆಲಸ

ಸಾಕ್ಷಿಗೆ ಅವಸರ ಮಾಡಬೇಡಿರಿ. ಹೊಸದಾಗಿ ಬಿಟ್ಟವನನ್ನು ವೇದಿಕೆಗೆ ಎಳೆದರೆ, ಬಿದ್ದಾಗ ಅವನಿಗೆ ಇಳಿಯಲು ಮೆಟ್ಟಿಲು ಇರುವುದಿಲ್ಲ. ಅವನು ಬಿದ್ದೆ ಅಂತ ಹೇಳಲು ಬಂದಾಗ ನಮ್ಮ ಮುಖ ಬದಲಾಗಬಾರದು.

ಇನ್ನೊಂದು ಮಾತು, ನೋವಾದರೂ ಹೇಳಬೇಕು. ನಮ್ಮ ವಾಟ್ಸಾಪ್ ಗುಂಪಿನಲ್ಲಿ "ಪ್ರಾರ್ಥನಾ ವಿಷಯ" ಅಂತ ಬರುವುದರಲ್ಲಿ ಎಷ್ಟೋ ಚಾಡಿ ಇರುತ್ತದೆ. ಒಬ್ಬ ತಮ್ಮ ನಿಮ್ಮ ಕಿವಿಯಲ್ಲಿ ಹೇಳಿದ್ದು ರಾತ್ರಿಯೊಳಗೆ ನಾಲ್ವತ್ತು ಮೊಬೈಲಿಗೆ ಹೋದರೆ, ಯಾಕೋಬ 5:16 ಪಾಲಿಸುವ ಧೈರ್ಯ ಯಾರಿಗೆ ಬರುತ್ತದೆ? ಆ ಬೆಂಚಿನ ಕೋಣೆ ಗುಟ್ಟು ಕಾಯುತ್ತದೆ. ಕರ್ತನ ರಕ್ತದಿಂದ ಕೊಳ್ಳಲ್ಪಟ್ಟ ಸಭೆ ಅದಕ್ಕಿಂತ ಕಡಿಮೆ ಆಗಬಾರದು.

ಚರ್ಚೆಗೆ ಪ್ರಶ್ನೆಗಳು
1. ಲಾಜರನಿಗೆ ಸುತ್ತಿದ ಬಟ್ಟೆಯನ್ನು ಕರ್ತನು ತಾನೇ ಯಾಕೆ ಬಿಚ್ಚಲಿಲ್ಲ?
2. ನಾವು ಯಾರ ಸಾಕ್ಷಿಗಾದರೂ ಅವಸರ ಮಾಡಿದ್ದೇವೆಯೇ?
3. ನನಗೆ ಹೇಳಿದ ಗುಟ್ಟು ನನ್ನಲ್ಲೇ ಉಳಿಯುತ್ತದೆ ಅಂತ ನಂಬುವವರು ಈ ಸಭೆಯಲ್ಲಿ ಎಷ್ಟು ಜನ ಇರಬಹುದು?
4. ಈ ವಾರ ಯಾರ ಜೊತೆ ನಾನು ಬಸ್ ಹತ್ತಬಹುದು?

ಮುಗಿಸುತ್ತೇನೆ. ಇವತ್ತು ಯಾರನ್ನೂ ಮುಂದೆ ಕರೆಯುವುದಿಲ್ಲ, ಕೈ ಎತ್ತಿಸುವುದಿಲ್ಲ. ಎಲ್ಲರೂ ಹೋದ ಮೇಲೆ ಕುರ್ಚಿ ಎತ್ತಿಡುತ್ತಾ ನಾನು ಇಲ್ಲೇ ಇರುತ್ತೇನೆ. ಕುರ್ಚಿ ಎತ್ತಲು ಬಂದವನಂತೆ ಬರ್ರಿ. ನಾನು ಒಂದೇ ಮಾತು ಕೇಳುತ್ತೇನೆ, ಇವತ್ತು ಕುಡಿದೀಯಾ ಅಂತ. ಹೌದು ಅಂದರೂ ನಡೆಯುತ್ತದೆ, ಇಲ್ಲ ಅಂದರೂ ನಡೆಯುತ್ತದೆ. ಸುಳ್ಳು ಮಾತ್ರ ಬೇಡ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ಹೆಸರು ಹಿಡಿದು ಕರೆದವನು ನೀನೇ. ಹೊರಗೆ ಬಂದರೂ ನಡೆಯಲಾರದೆ ನಿಂತವರು ಇಲ್ಲಿದ್ದಾರೆ. ಅವರಿಗೆ ಬಾಯಿ ಬಿಡುವ ಧೈರ್ಯ ಕೊಡು, ನಮಗೆ ಹೇಸದ ಕೈ ಕೊಡು. ಆಸ್ಪತ್ರೆಯ ಡಾಕ್ಟರರನ್ನು, ಆ ಕೋಣೆಯಲ್ಲಿ ಚಹಾ ಕಾಸುವವರನ್ನು ಆಶೀರ್ವದಿಸು. ಬಾಗಿಲು ಕಾಯುತ್ತಾ ಕೂತ ಅವ್ವಂದಿರನ್ನು ಸಂತೈಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.